ಒಂದು ಸಿನಿಮಾ ಮಾಡಿದವರು ಮೊದಲು ಏನು ಮಾಡುತ್ತಿದ್ದರು?

(ಮೆಲ್ಬರ್ನಿನ ನಮ್ಮ ಕನ್ನಡ ಶಾಲೆಯ ಪದವಿ ಪ್ರದಾನ ಸಮಾರಂಭದಲ್ಲಿ ಹಳೆಯ ಪೋಷಕಿಯೊಬ್ಬರು ಆಡಿದ ಮಾತುಗಳ ಬರಹರೂಪ)





ನಮ್ಮ ಮುಖ್ಯ ಶಿಕ್ಷಕಿಯವರು ಫೋನ್ ಮಾಡಿ, "ಈ ಸಲ ನೀವು ನಾಲ್ಕು ಮಾತು ಆಡಬೇಕು" ಅಂದಾಗ ನಾನು ಮೊದಲು ಬೇಡ ಅಂದೆ. ನಾನು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ರಕ್ತಪರೀಕ್ಷೆ ಮಾಡಿ ಅಂದರೆ ಮಾಡಿಯೇನು, ಭಾಷಣ ನನ್ನ ಕಸುಬಲ್ಲ. ಇನ್ನೊಂದು ಕಾರಣವೂ ಇತ್ತು. ನನ್ನ ಮಗ ಈ ಶಾಲೆಯಿಂದ ಪದವಿ ಪಡೆದವನಲ್ಲ. ಅರ್ಧದಲ್ಲಿ ಬಿಟ್ಟವನು. ಬಿಡಿಸಿದವಳು ನಾನೇ. ಪದವಿ ಸಮಾರಂಭದಲ್ಲಿ ಅಂಥವಳು ಏನು ಹೇಳುವುದು ಎಂದು ಕೇಳಿದೆ. "ಅದನ್ನೇ ಹೇಳಿ" ಅಂದರು. ಹಾಗಾಗಿ ಬಂದಿದ್ದೇನೆ.

ಎಂಟು ವರ್ಷದ ಹಿಂದೆ ಅವನು ಏಳನೇ ತರಗತಿಯಲ್ಲಿದ್ದ. ಸೆಲೆಕ್ಟಿವ್ ಶಾಲೆಯ ಪ್ರವೇಶ ಪರೀಕ್ಷೆಗೆ ಕೋಚಿಂಗ್ ಸೇರಿಸಬೇಕು ಎಂದು ಮನೆಯಲ್ಲಿ ಮಾತಾಯಿತು. ಕೋಚಿಂಗ್ ಇದ್ದದ್ದು ಭಾನುವಾರ ಬೆಳಿಗ್ಗೆ, ಕನ್ನಡ ತರಗತಿಯ ಹೊತ್ತಿಗೇ. ಇದೇ ಶಾಲೆಯ ಕಾರ್ ಪಾರ್ಕಿನಲ್ಲಿ ನಿಂತು ನಾನು ಅವನ ಟೀಚರಿಗೆ ಹೇಳಿದೆ: "ಮೇಡಂ, ಕನ್ನಡ ಮನೆಯಲ್ಲೇ ಬರುತ್ತೆ ಬಿಡಿ. ಮುಂದೆ ಕೆಲಸಕ್ಕೆ ಏನು ಉಪಯೋಗ ಆಗುತ್ತೋ ಅದನ್ನು ಮೊದಲು ನೋಡಬೇಕಲ್ಲ." ಅವರು ಏನೂ ವಾದ ಮಾಡಲಿಲ್ಲ. "ಬಾಗಿಲು ತೆರೆದೇ ಇರುತ್ತೆ" ಅಂತಷ್ಟೇ ಅಂದರು. ಆ ಟೀಚರ್ ಇವತ್ತು ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಕನ್ನಡ ಮನೆಯಲ್ಲಿ ಬರಲಿಲ್ಲ, ಮೇಡಂ.

ಈಗ ಅವನಿಗೆ ಇಪ್ಪತ್ತು. ಎಂಜಿನಿಯರಿಂಗ್ ಓದುತ್ತಿದ್ದಾನೆ. ಅದರ ಜೊತೆಗೆ ಐಚ್ಛಿಕ ವಿಷಯವಾಗಿ ಸಿನಿಮಾ ಇತಿಹಾಸ ತೆಗೆದುಕೊಂಡಿದ್ದ. ಒಂದು ದಿನ ಪಾಠದಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕರ ಪಟ್ಟಿ ಬಂತಂತೆ. ಅದರಲ್ಲಿ ಟಾಮ್ ಕೋವನ್ ಎಂಬ ಹೆಸರಿನ ಎದುರಿಗೆ ಒಂದು ಚಿತ್ರ: 'ಸಂಸ್ಕಾರ', 1970, ಭಾಷೆ ಕನ್ನಡ. ತರಗತಿಯಲ್ಲಿ ಕನ್ನಡದವನು ಇವನೊಬ್ಬನೇ. ಈ ಪದದ ಅರ್ಥ ಏನು ಎಂದು ಅಧ್ಯಾಪಕರು ಇವನನ್ನೇ ಕೇಳಿದರು. ಇವನಿಗೆ ಗೊತ್ತಿರಲಿಲ್ಲ. ಮನೆಗೆ ಬಂದು ಚೀಲ ಎಸೆದು ಕೇಳಿದ್ದು ಇದೇ: "ಅಮ್ಮಾ, ವಾಟ್ ಇಸ್ ಸಂಸ್ಕಾರ?"

ನೀವೇ ಹೇಳಿ, ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಕೊಡುವುದು ಹೇಗೆ? ಮಕ್ಕಳಿಗೆ ಒಳ್ಳೆಯ ಸಂಸ್ಕಾರ ಕೊಡಿ ಅನ್ನುತ್ತೇವೆ. ಸತ್ತವರಿಗೆ ಸಂಸ್ಕಾರ ಮಾಡುತ್ತೇವೆ. ನಾಮಕರಣ, ಉಪನಯನ, ಮದುವೆಗಳೂ ಸಂಸ್ಕಾರಗಳೇ. ಯು. ಆರ್. ಅನಂತಮೂರ್ತಿಯವರ ಕಾದಂಬರಿ ನಿಂತಿರುವುದೇ ಈ ಎಲ್ಲ ಅರ್ಥಗಳ ಮೇಲೆ. ಎ. ಕೆ. ರಾಮಾನುಜನ್ ಅದನ್ನು ಇಂಗ್ಲಿಷಿಗೆ ತಂದಾಗಲೂ ಹೆಸರನ್ನು ಅನುವಾದ ಮಾಡಲಿಲ್ಲ, ಸಂಸ್ಕಾರ ಎಂದೇ ಇಟ್ಟರು. ಆ ವಾರಾಂತ್ಯ ನಾವಿಬ್ಬರೂ ಕೂತು ಸಿನಿಮಾ ನೋಡಿದೆವು.

ಕತೆ ನಿಮ್ಮಲ್ಲಿ ಹಲವರಿಗೆ ಗೊತ್ತು. ದೂರ್ವಾಸಪುರ ಎಂಬ ಅಗ್ರಹಾರದಲ್ಲಿ ನಾರಣಪ್ಪ ಸಾಯುತ್ತಾನೆ. ಆಚಾರ ಬಿಟ್ಟವನು, ಚಂದ್ರಿಯ ಜೊತೆ ಬಾಳಿದವನು. ಅವನ ಹೆಣ ಸುಡುವವರು ಯಾರು? ಹೆಣ ಎತ್ತುವತನಕ ಊರಿನವರು ಊಟ ಮಾಡುವಂತಿಲ್ಲ. ಎಲ್ಲರೂ ಪ್ರಾಣೇಶಾಚಾರ್ಯರ ಮುಖ ನೋಡುತ್ತಾರೆ. ಶಾಸ್ತ್ರ ಓದಿದ ಆಚಾರ್ಯರಿಗೂ ಉತ್ತರ ಸಿಗುವುದಿಲ್ಲ. ಸಣ್ಣ ಮಕ್ಕಳಿಗೆ ತೋರಿಸುವ ಚಿತ್ರ ಅಲ್ಲ. ದೊಡ್ಡ ಮಕ್ಕಳ ಜೊತೆ ಕೂತು ನೋಡಿ, ಆಮೇಲೆ ಬಹಳ ಹೊತ್ತು ಮಾತಾಡಲು ಸಿಗುತ್ತದೆ.

ಆದರೆ ಇವತ್ತು ನಾನು ಹೇಳಬೇಕೆಂದಿರುವುದು ಕತೆಯ ವಿಷಯ ಅಲ್ಲ, ಅದನ್ನು ಮಾಡಿದವರ ವಿಷಯ. ಸಿನಿಮಾ ಮುಗಿದ ಮೇಲೆ ಮಗ ಕೇಳಿದ: "ಇವರೆಲ್ಲ ಯಾವ ಫಿಲ್ಮ್ ಸ್ಕೂಲಿನಲ್ಲಿ ಓದಿದವರು?" ನನಗೂ ಗೊತ್ತಿರಲಿಲ್ಲ. ಇಬ್ಬರೂ ಸೇರಿ ಒಬ್ಬೊಬ್ಬರ ಹಿನ್ನೆಲೆ ಹುಡುಕುತ್ತಾ ಹೋದೆವು. ಮಕ್ಕಳ ಕೆರಿಯರ್ ಬಗ್ಗೆ ಹಗಲಿರುಳು ಯೋಚಿಸುವ ನಮ್ಮಂಥ ತಂದೆತಾಯಿಗಳು ಕೇಳಬೇಕಾದದ್ದು ಅಲ್ಲಿ ಸಿಕ್ಕಿತು.

ಮೊದಲು ಕಾದಂಬರಿಕಾರರು. ಅನಂತಮೂರ್ತಿ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯವರು, ಇಂಗ್ಲಿಷ್ ಅಧ್ಯಾಪಕರು. ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಪಿಎಚ್.ಡಿ. ಮಾಡಲು ಹೋಗಿದ್ದರು. ಅಲ್ಲಿ ತಮ್ಮ ಮೇಷ್ಟ್ರು ಮಾಲ್ಕಮ್ ಬ್ರಾಡ್‌ಬರಿಯವರ ಜೊತೆ ಬರ್ಗ್‌ಮನ್ ಅವರ 'ದ ಸೆವೆಂತ್ ಸೀಲ್' ನೋಡಿದರು. ಸ್ವೀಡಿಷ್ ಚಿತ್ರ, ಸಬ್‌ಟೈಟಲ್ ಇರಲಿಲ್ಲ. ಪ್ಲೇಗಿನ ಕಾಲದ ಕತೆ ಅದು. ನೋಡಿ ಬಂದ ಮೇಲೆ ಇಬ್ಬರ ನಡುವೆ ನಡೆದ ಮಾತಿನಿಂದ 'ಸಂಸ್ಕಾರ' ಹುಟ್ಟಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಯೂರೋಪಿನವರಿಗೆ ಪುಸ್ತಕದಿಂದ ತಿಳಿಯಬೇಕಾದ ಮಧ್ಯಯುಗ, ಮಲೆನಾಡಿನ ಅಗ್ರಹಾರದಲ್ಲಿ ಬೆಳೆದವನಿಗೆ ಸ್ವಂತ ನೆನಪಿನಲ್ಲೇ ಇರುತ್ತದೆ ಎಂಬ ವಿಚಾರ ಅದು. ಓದುತ್ತಿದ್ದದ್ದು ಇಂಗ್ಲಿಷ್ ಸಾಹಿತ್ಯ, ಇದ್ದದ್ದು ಇಂಗ್ಲೆಂಡಿನಲ್ಲಿ, ಬರೆದದ್ದು ಕನ್ನಡದಲ್ಲಿ. ಕಾದಂಬರಿ 1965ರಲ್ಲಿ ಬಂತು. ಮರುವರ್ಷ ಪಿಎಚ್.ಡಿ.ಯೂ ಬಂತು. ಒಂದಕ್ಕಾಗಿ ಇನ್ನೊಂದನ್ನು ಬಿಡಲಿಲ್ಲ ಎಂಬುದನ್ನು ಗಮನಿಸಿ.

ನಿರ್ದೇಶಕರು ಪಟ್ಟಾಭಿರಾಮ ರೆಡ್ಡಿ. ನೆಲ್ಲೂರಿನವರು, 1919ರಲ್ಲಿ ಹುಟ್ಟಿದವರು, ಮನೆಮಾತು ತೆಲುಗು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಓದಲು ಹೋಗಿದ್ದವರು. ಇಪ್ಪತ್ತರ ವಯಸ್ಸಿನಲ್ಲೇ, 1939ರಲ್ಲಿ, 'ಫಿಡೇಲು ರಾಗಾಲ ಡಜನ್' ಎಂಬ ಹೊಸ ಬಗೆಯ ಕವನ ಸಂಕಲನ ತಂದು ತೆಲುಗಿನಲ್ಲಿ ಹೆಸರು ಮಾಡಿದ್ದರು. ಆಮೇಲೆ ತೆಲುಗು ಚಿತ್ರಗಳನ್ನು ನಿರ್ಮಿಸಿದರು. ಸ್ವತಃ ನಿರ್ದೇಶಿಸಿದ ಮೊದಲ ಚಿತ್ರ 'ಸಂಸ್ಕಾರ'. ಆಗ ಅವರಿಗೆ ಐವತ್ತರ ಆಸುಪಾಸು. ಐವತ್ತಕ್ಕೆ ಹೊಸ ಕಸುಬು, ಅದೂ ತಮ್ಮದಲ್ಲದ ಭಾಷೆಯಲ್ಲಿ!

ಚಿತ್ರಕಥೆ ಬರೆದವರು, ಪ್ರಾಣೇಶಾಚಾರ್ಯರ ಪಾತ್ರ ಮಾಡಿದವರು ಗಿರೀಶ ಕಾರ್ನಾಡ. ಅವರನ್ನು ನಾವು ನಟ, ನಾಟಕಕಾರ ಎಂದು ಬಲ್ಲೆವು. ಆದರೆ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಅವರು ಪದವಿ ಮಾಡಿದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರದಲ್ಲಿ. ಮುಂದೆ ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೋದರು. ಮರಳಿ ಬಂದು 1963ರಿಂದ ಏಳು ವರ್ಷ ಮದ್ರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ ನೌಕರಿ ಮಾಡಿದರು. 'ತುಘಲಕ್' ಬಂದದ್ದು ಆ ನೌಕರಿಯ ಕಾಲದಲ್ಲಿ. ಸಿನಿಮಾಕ್ಕೆ ಬಂದದ್ದೂ ಹಾಗೆಯೇ.

ಅವರ ಮನೆಮಾತು ಕೊಂಕಣಿ. ಇಂಗ್ಲಿಷಿನಲ್ಲಿ ಕವಿಯಾಗಬೇಕು ಎಂಬುದು ಅವರ ಹುಡುಗಪ್ರಾಯದ ಆಸೆ. ಆಕ್ಸ್‌ಫರ್ಡಿಗೆ ಹೊರಡುವ ಹೊತ್ತಿನಲ್ಲಿ 'ಯಯಾತಿ' ಬರೆಯಲು ಕೂತಾಗ ಅದು ಕನ್ನಡದಲ್ಲೇ ಬಂತು, ತಮಗೇ ಆಶ್ಚರ್ಯವಾಯಿತು ಎಂದು ಅವರು ಹೇಳಿದ್ದಾರೆ. ಚಿಕ್ಕವಯಸ್ಸಿನಲ್ಲಿ ಕಿವಿಗೆ ಬಿದ್ದದ್ದು ಎಲ್ಲಿ ಕೂತಿರುತ್ತದೆ, ಯಾವಾಗ ಎದ್ದು ಬರುತ್ತದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಆದರೆ ಮೊದಲು ಅದು ಕಿವಿಗೆ ಬಿದ್ದಿರಬೇಕು.

ನಾರಣಪ್ಪನಾಗಿ ನಟಿಸಿದವರು ಪಿ. ಲಂಕೇಶ್. ನಮ್ಮ ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯವರು. ಆಗ ಅವರೂ ಇಂಗ್ಲಿಷ್ ಅಧ್ಯಾಪಕರೇ. ಮುಂದೆ ತಾವೇ 'ಪಲ್ಲವಿ' ನಿರ್ದೇಶಿಸಿದರು. 1980ರಲ್ಲಿ ಪತ್ರಿಕೆ ಶುರು ಮಾಡಿದರು. ನನ್ನ ಅಪ್ಪ ವಾರವಾರ ಕಾದು ತರುತ್ತಿದ್ದ ಆ ಕಪ್ಪುಬಿಳುಪು 'ಲಂಕೇಶ್ ಪತ್ರಿಕೆ' ನಿಮ್ಮಲ್ಲೂ ಹಲವರಿಗೆ ನೆನಪಿರಬಹುದು.

ಚಂದ್ರಿಯಾಗಿ ನಟಿಸಿದವರು ಸ್ನೇಹಲತಾ ರೆಡ್ಡಿ, ನಿರ್ದೇಶಕರ ಪತ್ನಿ. ಮದ್ರಾಸ್ ಪ್ಲೇಯರ್ಸ್ ಎಂಬ ಇಂಗ್ಲಿಷ್ ನಾಟಕ ತಂಡ ಕಟ್ಟಿದವರಲ್ಲಿ ಒಬ್ಬರು. ತುರ್ತು ಪರಿಸ್ಥಿತಿಯಲ್ಲಿ ಅವರನ್ನು ಬಂಧಿಸಿ ಬೆಂಗಳೂರಿನ ಜೈಲಿನಲ್ಲಿಟ್ಟರು. ಆಸ್ತಮಾ ಇತ್ತು. ಜೈಲಿನಲ್ಲಿ ಆರೋಗ್ಯ ಪೂರಾ ಕೆಟ್ಟಿತು. ಹೊರಗೆ ಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು. ಅಗ್ರಹಾರದ ಗಂಡಸರೆಲ್ಲ ಹಿಂಜರಿದಾಗ ಮಾಡಬೇಕಾದ್ದನ್ನು ಸದ್ದಿಲ್ಲದೆ ಮಾಡಿ ಮುಗಿಸುವವಳು ಚಂದ್ರಿ. ಆ ಪಾತ್ರ ಮಾಡಿದವರ ಬದುಕು ಹೀಗಾಯಿತು ಎಂದು ಓದಿದ ಮೇಲೆ ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಸಂಗೀತ ರಾಜೀವ್ ತಾರಾನಾಥ್ ಅವರದು. ಉಸ್ತಾದ್ ಅಲಿ ಅಕ್ಬರ್ ಖಾನರ ಶಿಷ್ಯರು, ದೊಡ್ಡ ಸರೋದ್ ವಾದಕರು. ಅವರೂ ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕರು ಅಂದರೆ ನಂಬುತ್ತೀರಾ? ಟಿ. ಎಸ್. ಎಲಿಯಟ್ ಕಾವ್ಯದ ಮೇಲೆ ಪಿಎಚ್.ಡಿ. ಮಾಡಿದವರು. ಮುಂದೆ 1995ರಿಂದ ಹತ್ತು ವರ್ಷ ಅಮೆರಿಕದ ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ದ ಆರ್ಟ್ಸ್‌ನಲ್ಲಿ ಭಾರತೀಯ ಸಂಗೀತ ಕಲಿಸಿದರು. 2024ರಲ್ಲಿ ಮೈಸೂರಿನಲ್ಲಿ ತೀರಿಕೊಂಡರು.

ಕಲಾ ನಿರ್ದೇಶನ ಎಸ್. ಜಿ. ವಾಸುದೇವ್ ಅವರದು. ಮೈಸೂರಿನಲ್ಲಿ ಹುಟ್ಟಿ ಮದ್ರಾಸಿನ ಕಲಾಶಾಲೆಯಲ್ಲಿ ಓದಿದ ಚಿತ್ರಕಲಾವಿದರು. ಕೆ. ಸಿ. ಎಸ್. ಪಣಿಕ್ಕರ್ ಅವರ ನೇತೃತ್ವದಲ್ಲಿ ಮದ್ರಾಸಿನ ಹತ್ತಿರ ಶುರುವಾದ ಚೋಳಮಂಡಲ ಕಲಾವಿದರ ಗ್ರಾಮಕ್ಕೆ ಸೇರಿದವರು. ಆ ಕಲಾವಿದರು ಬಾಟಿಕ್ ಮುಂತಾದ ಕರಕುಶಲ ವಸ್ತುಗಳನ್ನು ಮಾಡಿ ಮಾರಿ ಹೊಟ್ಟೆ ಹೊರೆದುಕೊಂಡು, ಉಳಿದ ಹೊತ್ತಿನಲ್ಲಿ ಚಿತ್ರ ಬರೆಯುತ್ತಿದ್ದರು.

ಈ ಗುಂಪಿನಲ್ಲಿ ಸಿನಿಮಾ ಕಸುಬು ಕ್ರಮವಾಗಿ ಕಲಿತು ಬಂದವರೆಂದರೆ ಸಹಕಾರಕ್ಕೆ ನಿಂತ ಸಿಂಗೀತಂ ಶ್ರೀನಿವಾಸ ರಾವ್. 'ಮಾಯಾಬಜಾರ್' ಮಾಡಿದ ಕೆ. ವಿ. ರೆಡ್ಡಿಯವರ ಹತ್ತಿರ ಸಹಾಯಕರಾಗಿ ಪಳಗಿದವರು. ಮುಂದೆ ಇವರೇ ರಾಜ್‌ಕುಮಾರ್ ಅವರ 'ಹಾಲು ಜೇನು', ಮಾತೇ ಇಲ್ಲದ 'ಪುಷ್ಪಕ ವಿಮಾನ' ನಿರ್ದೇಶಿಸಿದರು.

ಕೊನೆಗೆ ನಮ್ಮ ಮೆಲ್ಬರ್ನ್ ಸಭೆಗೆ ಸಂಬಂಧಪಟ್ಟವರು: ಕ್ಯಾಮೆರಾ ಹಿಡಿದ ಟಾಮ್ ಕೋವನ್. ಆಗ ಇಪ್ಪತ್ತರ ಹರೆಯದಲ್ಲಿದ್ದ ಆಸ್ಟ್ರೇಲಿಯನ್ ತರುಣ. ಮುಂದೆ ಇಲ್ಲಿಗೆ ಮರಳಿ, 1977ರಲ್ಲಿ 'ಜರ್ನಿ ಅಮಂಗ್ ವಿಮೆನ್' ಮುಂತಾದ ಚಿತ್ರಗಳನ್ನು ತಾವೇ ನಿರ್ದೇಶಿಸಿದರು. ಶೃಂಗೇರಿಯ ಹತ್ತಿರದ ವೈಕುಂಠಪುರದಲ್ಲಿ ಚಿತ್ರೀಕರಣ. ನಿಜವಾದ ಅಗ್ರಹಾರ, ನಿಜವಾದ ಮನೆಗಳು. ನಮ್ಮ ಕಡೆಯ ಜಗಲಿ, ಹೊಳೆ, ಅಡಿಕೆ ತೋಟದ ನೆರಳು, ಇವನ್ನೆಲ್ಲ ಕಪ್ಪುಬಿಳುಪಿನಲ್ಲಿ ನನಗೆ ಮತ್ತೆ ತೋರಿಸಿದ್ದು ಈ ದೇಶದಿಂದ ಹೋದ ಒಬ್ಬ ಹುಡುಗನ ಕಣ್ಣು.

ಚಿತ್ರ ಸಲೀಸಾಗಿ ಬಿಡುಗಡೆಯಾಗಲಿಲ್ಲ. ಮದ್ರಾಸಿನ ಸೆನ್ಸಾರ್ ಮಂಡಳಿ ತಡೆಯಿತು. ಆ ತಡೆ ತೆರವಾದ ಮೇಲೆ ಜನ ನೋಡಿದರು. 1970ನೇ ಸಾಲಿನ ಅತ್ಯುತ್ತಮ ಕಥಾಚಿತ್ರ ಎಂಬ ರಾಷ್ಟ್ರಪ್ರಶಸ್ತಿ ಬಂತು. ಆ ಪ್ರಶಸ್ತಿ ಪಡೆದ ಮೊದಲ ಕನ್ನಡ ಚಿತ್ರ ಅದು.

ಈಗ ಈ ಪಟ್ಟಿಯನ್ನು ಒಮ್ಮೆ ನೋಡಿ. ಮೂವರು ಇಂಗ್ಲಿಷ್ ಮೇಷ್ಟ್ರು. ಗಣಿತ ಓದಿ ಪ್ರಕಾಶನದ ಕಚೇರಿಯಲ್ಲಿದ್ದ ಒಬ್ಬರು. ಒಬ್ಬ ತೆಲುಗು ಕವಿ. ಇಂಗ್ಲಿಷ್ ರಂಗಭೂಮಿಯ ಒಬ್ಬ ನಟಿ. ಬಾಟಿಕ್ ಮಾಡುವವರ ನಡುವಿನ ಒಬ್ಬ ಕಲಾವಿದ. ದೂರದೇಶದ ಒಬ್ಬ ಛಾಯಾಗ್ರಾಹಕ. ಇವರಲ್ಲಿ ಯಾರ ಅಪ್ಪ ಅಮ್ಮನೂ 'ನೀನು ಮುಂದೆ ಕನ್ನಡ ಸಿನಿಮಾ ಮಾಡಬೇಕು, ಅದಕ್ಕೆ ಈ ಕೋರ್ಸ್ ಸೇರು' ಎಂದು ಹೇಳಿರಲಾರರು.

ನಾನು ಇದರಿಂದ ಕಲಿತದ್ದು ಎರಡು ವಿಷಯ.

ಒಂದು, ಹೊಟ್ಟೆಪಾಡಿನ ಕೆಲಸಕ್ಕೂ ಭಾಷೆಗೂ ಜಗಳ ಇಲ್ಲ. ಇವರಲ್ಲಿ ಹೆಚ್ಚಿನವರಿಗೆ ಸಂಬಳದ ಕೆಲಸ ಇತ್ತು, ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು, ಕೆಲವರು ವಿದೇಶದಲ್ಲಿ ಓದಿದ್ದರು. ನಾವು ಮಕ್ಕಳಿಗೆ ಬಯಸುವುದೂ ಅದನ್ನೇ ಅಲ್ಲವೆ? ಅಂದು ಕಾರ್ ಪಾರ್ಕಿನಲ್ಲಿ ನಾನು ಇದೋ ಅದೋ ಎಂದು ಲೆಕ್ಕ ಹಾಕಿದೆ. ಆ ಲೆಕ್ಕ ತಪ್ಪು. ವಾರಕ್ಕೆ ಎರಡು ಗಂಟೆ ಹೊಂದಿಸುವುದಕ್ಕೆ ಬೇರೆ ದಾರಿ ಹುಡುಕಬಹುದಿತ್ತು. ನಾನು ಹುಡುಕಲಿಲ್ಲ.

ಎರಡು, ಕನ್ನಡ ಅನ್ನುವುದು ಹುಟ್ಟಿನಿಂದ ತಾನಾಗಿ ಬಂದುಬಿಡುವುದಲ್ಲ. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ, ಕಾರ್ನಾಡರದು ಕೊಂಕಣಿ. ಅವರಿಗೆಲ್ಲ ಕನ್ನಡ ಬಂದದ್ದು ಶಾಲೆಯಿಂದ, ಬೀದಿಯಿಂದ, ಓದಿನಿಂದ. ಇನ್ನೊಂದು ಕಡೆ ನಾನು, ಶಿವಮೊಗ್ಗದಲ್ಲಿ ಹುಟ್ಟಿ ಬೆಳೆದವಳು, ಮನೆಮಾತು ಕನ್ನಡ. ನನ್ನ ಮಗನಿಗೆ ಕನ್ನಡ ಬರುವುದಿಲ್ಲ. ಕಲಿಸಿದವರಿಗೆ ಬಂತು, ಕಲಿಸದವರಿಗೆ ಬರಲಿಲ್ಲ, ಅಷ್ಟೆ. ಅದಕ್ಕೇ ಈ ಭಾನುವಾರದ ಶಾಲೆ ಬೇಕು. ಮನೆಯಲ್ಲಿ ಕನ್ನಡ ಆಡದ, ಬೇರೆ ಭಾಷೆಯವರನ್ನು ಮದುವೆಯಾದ ಮನೆಗಳ ಮಕ್ಕಳೂ ಇಲ್ಲಿ ಧೈರ್ಯವಾಗಿ ಸೇರಲಿ.

ಆ ಸಿನಿಮಾ ನೋಡಿದ ರಾತ್ರಿಯ ವಿಷಯ ಹೇಳಿ ಮುಗಿಸುತ್ತೇನೆ.

ಮಗ ಪೂರ್ತಿ ಚಿತ್ರವನ್ನು ಕೆಳಗಿನ ಇಂಗ್ಲಿಷ್ ಸಾಲು ಓದಿಕೊಂಡು ನೋಡಿದ. ನಾನು ನಗುವ ಕಡೆ ಅವನು ಒಂದು ಕ್ಷಣ ತಡವಾಗಿ ನಗುತ್ತಿದ್ದ. ಕೆಲವು ಕಡೆ ನಗಲೇ ಇಲ್ಲ. ಮುಗಿದ ಮೇಲೆ ಅವನು ತನ್ನ ಫೋನ್ ತೆಗೆದು ನನ್ನ ಮುಂದೆ ಇಟ್ಟ. ನನ್ನ ಅಮ್ಮ ತೀರಿಕೊಂಡು ಎರಡು ವರ್ಷವಾಯಿತು. ಅವನು ಚಿಕ್ಕವನಿದ್ದಾಗಿನಿಂದ ಅವರು ಅವನಿಗೆ ವಾಟ್ಸಾಪಿನಲ್ಲಿ ದನಿ ಕಳಿಸುತ್ತಿದ್ದರು. ತೋಟಕ್ಕೆ ಮಂಗ ಬಂದದ್ದು, ಹಬ್ಬಕ್ಕೆ ಕಡುಬು ಮಾಡಿದ್ದು, ಅವರ ಬಾಲ್ಯದ ಕತೆಗಳು. ಅವನು 'ಥ್ಯಾಂಕ್ಸ್ ಅಜ್ಜಿ' ಎಂದು ಉತ್ತರ ಕಳಿಸಿ ಸುಮ್ಮನಾಗುತ್ತಿದ್ದ. ಅವನ್ನೆಲ್ಲ ಅಳಿಸದೆ ಇಟ್ಟುಕೊಂಡಿದ್ದಾನೆಂದು ನನಗೆ ಗೊತ್ತಿರಲಿಲ್ಲ. ಮೂವತ್ತೊಂದು ಇದ್ದವು.

"ಅಮ್ಮಾ, ಇದಕ್ಕೆ ಸಬ್‌ಟೈಟಲ್ ಇಲ್ಲವಲ್ಲ" ಅಂದ, ಇಂಗ್ಲಿಷಿನಲ್ಲಿ.

ಅವತ್ತು ರಾತ್ರಿ ಮೂರನ್ನು ಕೇಳಿ ನಾನು ಅರ್ಥ ಹೇಳಿದೆ. ನಾಲ್ಕನೆಯದರಲ್ಲಿ ಅಮ್ಮ ಅವನನ್ನು "ಯಾಕೋ ಪುಟ್ಟಾ, ಅಜ್ಜಿ ಹತ್ರ ಮಾತಾಡಕ್ಕೆ ಬೇಜಾರಾ?" ಎಂದು ಕೇಳಿದ್ದರು. ಅವನಿಗೆ ಅದನ್ನು ಅನುವಾದ ಮಾಡಿ ಹೇಳಲು ನನ್ನಿಂದ ಆಗಲಿಲ್ಲ. ನಾಳೆ ಕೇಳೋಣ ಎಂದು ಎದ್ದುಬಿಟ್ಟೆ. ಅವನಿಗೆ ಬೇಜಾರಾಗಿರಲಿಲ್ಲ. ಭಾಷೆ ಬರುತ್ತಿರಲಿಲ್ಲ. ಅದು ಅಮ್ಮನಿಗೆ ಗೊತ್ತಾಗಲೇ ಇಲ್ಲ.

ಮರುದಿನ ಅವನು ಕೇಳಿದ್ದು ಅನುವಾದವನ್ನಲ್ಲ, ಕಪಾಟಿನಲ್ಲಿದ್ದ ತನ್ನ ಹಳೆಯ ಕನ್ನಡ ಪುಸ್ತಕಗಳನ್ನು. ಎಂಟು ವರ್ಷದ ಹಿಂದೆ ಎಲ್ಲಿ ನಿಲ್ಲಿಸಿದ್ದನೋ ಅಲ್ಲಿಂದಲ್ಲ, ಒಂದನೇ ಪುಸ್ತಕದ ಅ ಆ ಇ ಈಯಿಂದಲೇ ಶುರು ಮಾಡಿದ. ಈಗ ನಾಲ್ಕು ತಿಂಗಳಾಯಿತು. ಒತ್ತಕ್ಷರ ತಪ್ಪುತ್ತವೆ. 'ಅಳು'ವಿಗೂ 'ಆಳು'ವಿಗೂ ಗೊಂದಲ ಆಗುತ್ತದೆ. ಮೂವತ್ತೊಂದರಲ್ಲಿ ಆರನ್ನು ನನ್ನ ಸಹಾಯವಿಲ್ಲದೆ ಅರ್ಥ ಮಾಡಿಕೊಂಡಿದ್ದಾನೆ. ಆ ನಾಲ್ಕನೆಯದನ್ನು ಇನ್ನೂ ಕೇಳಿಲ್ಲ. ನಾನಾಗಿ ಹೇಳುವುದೂ ಇಲ್ಲ. ಅವನೇ ಕೇಳಿ ತಿಳಿದುಕೊಳ್ಳಲಿ.

ಪೋಷಕರೆ, ನಿಮ್ಮ ಮಕ್ಕಳು ಮುಂದೆ ಏನಾಗುತ್ತಾರೆ ಎಂದು ನಮಗೆ ಗೊತ್ತಿಲ್ಲ. ಎಂಜಿನಿಯರ್ ಆಗಬಹುದು, ನರ್ಸ್ ಆಗಬಹುದು, ಐವತ್ತರ ವಯಸ್ಸಿನಲ್ಲಿ ಸಿನಿಮಾ ಮಾಡಬಹುದು. ಕೆಲಸಕ್ಕೆ ಏನು ಉಪಯೋಗ ಎಂಬ ಪ್ರಶ್ನೆ ಕೇಳಬಾರದು ಎಂದು ನಾನು ಹೇಳುವುದಿಲ್ಲ. ನಾನೂ ಕೇಳಿದ್ದೆ. ಆದರೆ ಅದೊಂದೇ ಪ್ರಶ್ನೆ ಕೇಳಿ ಮನೆಗೆ ಹೋಗಬೇಡಿ. ಹೈಸ್ಕೂಲು ಬಂತು, ಪರೀಕ್ಷೆ ಬಂತು ಎಂದು ಬಿಡಿಸಬೇಕು ಅನ್ನಿಸಿದರೆ ಮೊದಲು ಟೀಚರ್ ಹತ್ತಿರ ಮಾತಾಡಿ, ಹೊತ್ತು ಹೊಂದಿಸಿಕೊಳ್ಳಿ. ಊರಿನಲ್ಲಿ ಅಜ್ಜ ಅಜ್ಜಿ ಇದ್ದರೆ ಇವತ್ತೇ ಸಂಜೆ ಮಕ್ಕಳ ಕೈಗೆ ಫೋನ್ ಕೊಡಿ. ಪಕ್ಕದಲ್ಲಿ ನಿಂತು ಅನುವಾದ ಮಾಡಬೇಡಿ. ತಡವರಿಸಲಿ.

ಶಿಕ್ಷಕರೆ, ಬಾಗಿಲು ತೆರೆದಿಟ್ಟಿದ್ದಕ್ಕೆ ನಿಮಗೆ ನಮಸ್ಕಾರ. ಮುಂದಿನ ಅವಧಿಯಿಂದ ದೊಡ್ಡವರ ತರಗತಿ ಶುರುವಾಗುತ್ತದಂತೆ. ಅದಕ್ಕೆ ಹೆಸರು ಕೊಟ್ಟವರಲ್ಲಿ ಇಪ್ಪತ್ತು ವರ್ಷದ ಹುಡುಗನೊಬ್ಬ ಇದ್ದಾನೆ. ಒತ್ತಕ್ಷರದ ವಿಷಯದಲ್ಲಿ ಅವನ ಮೇಲೆ ಸ್ವಲ್ಪ ಗಮನ ಇಡಿ.

ಪದವಿ ಪಡೆಯುತ್ತಿರುವ ಮಕ್ಕಳೆ, ನಿಮ್ಮ ಕೈಯಲ್ಲಿರುವ ಕಾಗದ ನನ್ನ ಮಗನ ಹತ್ತಿರ ಇಲ್ಲ. ಅದನ್ನು ಜೋಪಾನ ಮಾಡಿ. ಅದಕ್ಕಿಂತ ಹೆಚ್ಚಾಗಿ ಕಲಿತದ್ದನ್ನು ಬಳಸುತ್ತಾ ಇರಿ.